ಸಮುದ್ರದ ಜಾಗ ಹಂಚಲು ಅಷ್ಟು ವರ್ಷ ಯಾಕೆ ಬೇಕು?

ಮೀನುಗಾರಿಕೆ, ಹಡಗು ಸಂಚಾರ, ಗಾಳಿ ವಿದ್ಯುತ್, ಸಂರಕ್ಷಿತ ಪ್ರದೇಶ ಎಂದು ನಕಾಶೆಯ ಮೇಲೆ ಗೆರೆ ಎಳೆದು ಹಂಚಿಬಿಟ್ಟರೆ ಮುಗಿಯಿತಲ್ಲ, ಅದಕ್ಕೇಕೆ ವರ್ಷಗಟ್ಟಲೆ ಕಾಯಬೇಕು ಎಂದು ಕೇಳಿದ್ದೀರಿ. ಇಂಥ ಯೋಜನೆಗಳಿಗೆ ನಕಾಶೆ ಮಾಡಿಕೊಡುವುದೇ ನನ್ನ ಕೆಲಸ. ಗೆರೆ ಎಳೆಯಲು ಒಂದು ಮಧ್ಯಾಹ್ನ ಸಾಕು. ಅದಕ್ಕೂ ಮೊದಲು ಆ ನಕಾಶೆಯಲ್ಲಿ ಯಾರು ಕಾಣುತ್ತಾರೆ, ಯಾರು ಕಾಣುವುದೇ ಇಲ್ಲ ಎನ್ನುವುದಕ್ಕೇ ತಗಾದೆಯೆಲ್ಲ.

ಹಡಗುಗಳ ಓಡಾಟ ತಿಳಿಯಲು ನಾವು ಹೆಚ್ಚಾಗಿ ನೆಚ್ಚಿಕೊಂಡಿರುವುದು ಎಐಎಸ್ ಎಂಬ ಸಾಧನವನ್ನು. ಹಡಗು ತನ್ನ ಗುರುತು, ಇರುವ ಜಾಗ, ವೇಗ ಎಲ್ಲವನ್ನೂ ರೇಡಿಯೊದಲ್ಲಿ ಸಾರುತ್ತಲೇ ಹೋಗುತ್ತದೆ. ಅಂತರರಾಷ್ಟ್ರೀಯ ಯಾನದಲ್ಲಿರುವ, 300 ಗ್ರಾಸ್ ಟನ್ (ಹಡಗಿನ ಒಳಗಾತ್ರದ ಅಳತೆ) ಮತ್ತು ಅದಕ್ಕೂ ದೊಡ್ಡ ಹಡಗುಗಳಿಗೆ ಇದು ಕಡ್ಡಾಯ. ಯುರೋಪಿಯನ್ ಒಕ್ಕೂಟದಲ್ಲಿ 15 ಮೀಟರ್‌ಗಿಂತ ಉದ್ದದ ಮೀನುಗಾರಿಕಾ ದೋಣಿಗಳಿಗೂ ಕಡ್ಡಾಯ. ಅದಕ್ಕಿಂತ ಸಣ್ಣ ದೋಣಿಗಳಲ್ಲಿ ಬಹುಪಾಲು ಪರದೆಯ ಮೇಲೆ ಮೂಡುವುದೇ ಇಲ್ಲ. ಹಡಗಿನ ದಾರಿಗಳು ದಟ್ಟ ಕೆಂಪು, ದಡದ ಹತ್ತಿರದ ನೀರು ಬೆಳ್ಳಗೆ ಖಾಲಿ. ನೂರಾರು ಜನ ಬಲೆ ಬಿಡುವುದು ಅಲ್ಲೇ ಇರಬಹುದು. ಹೊಸ ಯೋಜನೆಯವರ ಕಣ್ಣು ಬೀಳುವುದೂ ಆ ಬಿಳಿ ಜಾಗದ ಮೇಲೆಯೇ. ಅದನ್ನು ತುಂಬಿಸಬೇಕೆಂದರೆ ಬಂದರಿಗೆ ಹೋಗಿ, ಮೇಜಿನ ಮೇಲೆ ನಕಾಶೆ ಹರಡಿ, ದೋಣಿಯವರನ್ನು ಕೂರಿಸಿಕೊಂಡು ಎಲ್ಲಿ, ಯಾವ ತಿಂಗಳು, ಯಾವ ಬಲೆ ಎಂದು ಕೇಳಬೇಕು. ಮೀನು ಚೆನ್ನಾಗಿ ಸಿಗುವ ಜಾಗದ ಬಗ್ಗೆ ಯಾರೂ ಸುಲಭಕ್ಕೆ ಬಾಯಿ ಬಿಡುವುದಿಲ್ಲ (ನಾನಾದರೂ ಬಿಡುತ್ತಿರಲಿಲ್ಲ). ನೀವು ಕೇಳಿದ ವರ್ಷಗಳು ಹೆಚ್ಚಾಗಿ ಸವೆಯುವುದು ಇಲ್ಲಿ.

ಕೇಳಿದರೆ ಏನು ಸಿಗುತ್ತದೆ ಎನ್ನುವುದಕ್ಕೆ ಅಮೆರಿಕದ ಮ್ಯಾಸಚೂಸೆಟ್ಸ್, ರೋಡ್ ಐಲೆಂಡ್ ರಾಜ್ಯಗಳ ದಕ್ಷಿಣಕ್ಕಿರುವ ಸಮುದ್ರ ನೋಡಿ. ಟ್ರಾಲ್ ಬಲೆ ಎಳೆಯುವವರು ಒಂದು ಕಡೆ, ತಳದಲ್ಲಿ ಪಂಜರ ಇಟ್ಟು ಲಾಬ್‌ಸ್ಟರ್ ಹಿಡಿಯುವವರು ಇನ್ನೊಂದು ಕಡೆ. ಬಲೆಗೆ ಪಂಜರ ಸಿಕ್ಕಿದರೆ ಇಬ್ಬರಿಗೂ ನಷ್ಟ. ಹಾಗಾಗಿ ಜಿಪಿಎಸ್‌ಗೂ ಮೊದಲು ಸಮುದ್ರದಲ್ಲಿ ಜಾಗ ಗುರುತಿಸಲು ಬಳಸುತ್ತಿದ್ದ ಲೋರಾನ್ ಎಂಬ ರೇಡಿಯೊ ವ್ಯವಸ್ಥೆಯ ನಕಾಶೆ ಗೆರೆಗಳನ್ನು ಹಿಡಿದು, ಸುಮಾರಾಗಿ ಪೂರ್ವ-ಪಶ್ಚಿಮಕ್ಕೆ ಪಟ್ಟಿಗಳನ್ನು ಅವರೇ ತಮ್ಮೊಳಗೆ ಹಂಚಿಕೊಂಡಿದ್ದರು. ವಿದ್ಯುತ್ ಗಾಳಿಯಂತ್ರಗಳು ಬರುತ್ತವೆ ಎಂದಾದಾಗ ಸಾಲುಗಳೂ ಅದೇ ದಿಕ್ಕಿಗಿರಲಿ ಎಂದು ಒತ್ತಾಯಿಸಿದರು. 2020ರಲ್ಲಿ ಅಲ್ಲಿನ ಕೋಸ್ಟ್ ಗಾರ್ಡ್ ಅಧ್ಯಯನ ಶಿಫಾರಸು ಮಾಡಿದ್ದು ಪೂರ್ವ-ಪಶ್ಚಿಮ, ಉತ್ತರ-ದಕ್ಷಿಣ ಸಾಲುಗಳು, ಯಂತ್ರದಿಂದ ಯಂತ್ರಕ್ಕೆ 1 ನಾಟಿಕಲ್ ಮೈಲಿ (ಸುಮಾರು 1.85 ಕಿ.ಮೀ.) ಅಂತರ. ಹಾದುಹೋಗಲು ಇದು ಸಾಲದು, ಇನ್ನೂ ಅಗಲದ ದಾರಿ ಬೇಕು ಎಂದವರೂ ಇದ್ದರು. ಆದರೂ ಕಚೇರಿಯಲ್ಲಿ ಕೂತು ಯೋಚಿಸಿದರೆ ಹೊಳೆಯುವ ದಿಕ್ಕಲ್ಲ ಅದು.

ಎಲ್ಲರಿಗೂ ಎಲ್ಲರೊಡನೆ ಜಗಳ ಇರುವುದೂ ಇಲ್ಲ. ತಳದ ಕೇಬಲ್ ಮೇಲೆ ಹಡಗು ಹಾದುಹೋದರೆ ಏನೂ ಆಗುವುದಿಲ್ಲ, ಲಂಗರು ಹಾಕಿದರೆ ಕಷ್ಟ. 2007ರಲ್ಲಿ ಬಾಸ್ಟನ್ ಬಂದರಿನ ಹಡಗು ಮಾರ್ಗವನ್ನು ತಿಮಿಂಗಿಲಗಳು ಹೆಚ್ಚಾಗಿ ಸೇರುವ ಜಾಗದಿಂದ ತುಸು ಉತ್ತರಕ್ಕೆ ಸರಿಸಿದರು. ಹಡಗುಗಳಿಗೆ ಹೆಚ್ಚಾದದ್ದು ಕೆಲವು ನಿಮಿಷ, ಅಷ್ಟೆ. ತಿಮಿಂಗಿಲ ಎಲ್ಲೆಲ್ಲಿ ಕಂಡಿತ್ತು ಎಂಬ ಹಲವು ವರ್ಷಗಳ ದಾಖಲೆ ಕೈಯಲ್ಲಿದ್ದದ್ದರಿಂದ ಆದ ಕೆಲಸ.

ಎಲ್ಲವೂ ಇಷ್ಟು ಅಗ್ಗಕ್ಕೆ ಮುಗಿಯುವುದಿಲ್ಲ ಅನ್ನಿ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಉದ್ಯಾನದಲ್ಲಿ ಮೀನು ಹಿಡಿಯಬಾರದ ಪಾಲು ಶೇ. 5ಕ್ಕಿಂತ ಕಡಿಮೆ ಇದ್ದದ್ದು 2004ರಲ್ಲಿ ಸುಮಾರು ಶೇ. 33ಕ್ಕೆ ಏರಿತು. ಜನರಿಂದ 31,000ಕ್ಕೂ ಹೆಚ್ಚು ಅಹವಾಲು ಬಂದಿದ್ದವು. ಮೀನುಗಾರಿಕೆಯವರಿಗೆ ಕೊಡಬೇಕಾದ ಪರಿಹಾರವೂ ಸರ್ಕಾರ ಅಂದಾಜು ಮಾಡಿದ್ದನ್ನು ಎಷ್ಟೋ ಪಟ್ಟು ಮೀರಿತು.

ಇನ್ನು, ಹಾಕಿದ ಗೆರೆ ಶಾಶ್ವತವೂ ಅಲ್ಲ. ಬೆಲ್ಜಿಯಂ 2014ರಲ್ಲಿ ಮಾಡಿದ ಯೋಜನೆಯನ್ನು 2020ರಲ್ಲಿ ಬದಲಿಸಿತು. ಯುರೋಪಿಯನ್ ಒಕ್ಕೂಟದ ನಿಯಮದಂತೆ ಕನಿಷ್ಠ 10 ವರ್ಷಕ್ಕೊಮ್ಮೆ ಮರುಪರಿಶೀಲನೆ ಆಗಲೇಬೇಕು. ಯಾವುದಾದರೂ ಕರಡು ಯೋಜನೆ ನಿಮ್ಮ ಕೈಗೆ ಬಂದರೆ ವಲಯಗಳ ಬಣ್ಣ ಆಮೇಲೆ ನೋಡಿ. ಮೊದಲು ಹುಡುಕಬೇಕಾದದ್ದು ಮೀನುಗಾರಿಕೆಯ ಮಾಹಿತಿ ಎಷ್ಟು ಉದ್ದದ ದೋಣಿಗಳದ್ದು, ಯಾವ ತಿಂಗಳುಗಳದ್ದು, ಮುಂದಿನ ಪರಿಷ್ಕರಣೆ ಯಾವ ವರ್ಷ ಎನ್ನುವುದನ್ನು. ಮೊದಲೆರಡಕ್ಕೆ ಉತ್ತರ ಇಲ್ಲದಿದ್ದರೆ ಆಕ್ಷೇಪಣೆ ಸಲ್ಲಿಸಲು ಅಷ್ಟು ಕಾರಣ ಸಾಕು.