ಜೀಪಿಗೆ ಎಕ್ಸ್‌ಟ್ರಾ ಲೈಟ್: ಹೆಡ್‌ಲೈಟ್ ವೈರಿಗೆ ಜೋಡಿಸಬೇಡಿ

ಸಂಡೂರಿನ ಗುಡ್ಡದ ದಾರಿಗೆ ಅಂತ ಜೀಪಿಗೆ 55 ವ್ಯಾಟಿನ ಎರಡು ಲೈಟ್ ಹಾಕಿಸ್ತೀನಿ, ಹೆಡ್‌ಲೈಟ್ ವೈರಿನಿಂದಲೇ ಕರೆಂಟ್ ತಗೊಳ್ಳಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ ಸರ್. ಎರಡೂ ಸೇರಿ 110 ವ್ಯಾಟ್, ಅಂದರೆ 12 ವೋಲ್ಟಿಗೆ 9 ಆಂಪಿಯರ್ ಮೇಲೆ. ಹಳೇ ವೈರು, ಸ್ವಿಚ್ಚಿಗೆ ಇದು ಜಾಸ್ತಿ ಹೊರೆ. ಬಿಸಿಯಾಗಿ ಕರಗಿದರೆ ಬೆಂಕಿಯ ಭಯ.

ಬ್ಯಾಟರಿಯಿಂದಲೇ ಬೇರೆ ಲೈನ್ ಎಳೆಸಿ. 2.5 ಚದರ ಮಿ.ಮೀ. ವೈರು, ಬ್ಯಾಟರಿ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್, ಆಮೇಲೆ ರಿಲೇ (ಚೂರು ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡೋ ಸ್ವಿಚ್). ಫ್ಯೂಸಿನ ವೈರು ರಿಲೇಯ 30ನೇ ಪಿನ್ನಿಗೆ, 87ರಿಂದ ಲೈಟಿಗೆ. 86ಕ್ಕೆ ಹೈಬೀಮಿನಿಂದ ಸ್ವಿಚ್ ಮೂಲಕ ಬರೋ ವೈರು, 85 ಅರ್ತಿಗೆ, ಅಂದರೆ ಜೀಪಿನ ಲೋಹದ ಮೈಗೆ. ಆಗ ಹೆಡ್‌ಲೈಟ್ ಲೈನಿನಿಂದ ಹೋಗೋದು ಚೂರೇ ಚೂರು ಕರೆಂಟ್.

ಅರ್ತ್ ಕೊಡೋ ಜಾಗದಲ್ಲಿ ಪೇಂಟ್ ಕೆರೆಸಿ, ಬೋಲ್ಟ್ ಬಿಗಿ ಮಾಡಿಸಿ. ಸಡಿಲ ಇದ್ದರೆ ಲೈಟ್ ಮಂಕಾಗುತ್ತದೆ. ನಮ್ಮ ಕಡೆ ಅದಿರಿನ ಕೆಂಪು ಧೂಳು ಬೇರೆ ಇದೆ ಅಲ್ವಾ, ರಿಲೇನ ಬಾನೆಟ್ ಒಳಗೆ ಎತ್ತರದಲ್ಲಿ, ಪಿನ್ ಕೆಳಮುಖವಾಗಿ ಕೂರಿಸಲು ಹೇಳಿ.