ಹೊಸ ಟೇಬಲ್ ಟೆನಿಸ್ ರಬ್ಬರಿಗೆ ಬೂಸ್ಟರ್ ಹಚ್ಚಿದ ಸಂಜೆಯೇ ಬ್ಯಾಟಿಗೆ ಅಂಟಿಸಬಹುದೇ?

ಬೇಡ. ಅದೇ ಸಂಜೆ ಖಂಡಿತ ಬೇಡ.

ನೀವು ಉಪ್ಪಳದವರು, ಕಾಲೇಜಿನ ಎರಡನೇ ವರ್ಷ, ಹರಿಕೇನ್ 3 ರಬ್ಬರ್ ತರಿಸಿದ್ದೀರಿ, ಅದು ಕಲ್ಲಿನಂತೆ ಗಟ್ಟಿಯಾಗಿದೆ ಎಂದು ಬರೆದಿದ್ದೀರಿ. ರಬ್ಬರಿನ ಅಡಿಯ ಸ್ಪಂಜನ್ನು ಹಿಗ್ಗಿಸಿ ಮೆತ್ತಗಾಗಿಸುವ ಬೂಸ್ಟರ್ ಎಣ್ಣೆಯನ್ನು ಎಷ್ಟು ಸಲ ಹಚ್ಚಬೇಕು, ಅದಿಲ್ಲದಿದ್ದರೆ ತೆಂಗಿನೆಣ್ಣೆ ಆದೀತೇ, ಆ ಬ್ಯಾಟನ್ನು ಟೂರ್ನಿಗೆ ಒಯ್ಯಬಹುದೇ ಎಂದೂ ಕೇಳಿದ್ದೀರಿ. ನಾನೂ ನಿಮ್ಮದೇ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಹತ್ತಿರದವನು. ಹದಿನಾಲ್ಕು ವರ್ಷಗಳಿಂದ ನಮ್ಮ ಗ್ರಂಥಾಲಯದ ಮಹಡಿಯ ಮೇಲಿರುವ ಒಂದೇ ಮೇಜಿನಲ್ಲಿ ಸಂಜೆ ಆಡುತ್ತೇನೆ, ಊರಿನ ಮಕ್ಕಳ ಬ್ಯಾಟುಗಳಿಗೆ ರಬ್ಬರ್ ಅಂಟಿಸಿಕೊಡುವವನೂ ನಾನೇ. ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹಚ್ಚಬೇಕೋ ಬೇಡವೋ ಎಂಬುದು ಅದರಿಂದಲೇ ತೀರ್ಮಾನವಾಗುತ್ತದೆ.

ಟೂರ್ನಿಗೆ ಒಯ್ಯುವಂತಿಲ್ಲ. ಅನುಮೋದಿತ ರಬ್ಬರನ್ನು ಭೌತಿಕ, ರಾಸಾಯನಿಕ ಅಥವಾ ಬೇರಾವ ಸಂಸ್ಕರಣೆಯನ್ನೂ ಮಾಡದೆ ಬಳಸಬೇಕು ಎಂದು ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಒಕ್ಕೂಟದ ನಿಯಮ 2.4.7 ಹೇಳುತ್ತದೆ. ಬೂಸ್ಟರ್ ಹಚ್ಚುವುದು ಅದೇ ಸಂಸ್ಕರಣೆ. ‘ಯಂತ್ರಕ್ಕೆ ಸಿಕ್ಕಿಬೀಳುವುದಿಲ್ಲವಲ್ಲ’ ಎಂದು ನಿಮ್ಮ ಗೆಳೆಯರು ಹೇಳಬಹುದು. ಬ್ಯಾಟು ತಪಾಸಣೆಯಲ್ಲಿ ಆವಿಯಾಗುವ ರಾಸಾಯನಿಕಗಳು, ದಪ್ಪ, ಸಮತಟ್ಟು, ಇವುಗಳನ್ನೇ ಮುಖ್ಯವಾಗಿ ನೋಡುತ್ತಾರೆ. ಈಗಿನ ಬೂಸ್ಟರ್ ಎಣ್ಣೆಗಳು ಅಷ್ಟಾಗಿ ಆವಿಯಾಗದ ಕಾರಣ ಯಂತ್ರವನ್ನು ದಾಟಿಬಿಡುತ್ತವೆ ಎನ್ನುವುದು ನಿಜ. ದೊಡ್ಡ ಮಟ್ಟದ ಆಟಗಾರರಲ್ಲೂ ಈ ಅಭ್ಯಾಸ ಇದೆ ಎಂದು ಜರ್ಮನಿಯ ಟಿಮೊ ಬೋಲ್ 2016ರಲ್ಲಿ ಬಹಿರಂಗವಾಗಿಯೇ ದೂರಿದ್ದರು. ಆದರೆ ಸಿಕ್ಕಿಬೀಳದಿರುವುದೇ ಬೇರೆ, ಸರಿಯಾಗಿರುವುದೇ ಬೇರೆ. ನನ್ನ ಬಳಿ ಎರಡು ಬ್ಯಾಟುಗಳಿವೆ. ಪಂದ್ಯದ್ದಕ್ಕೆ ಬೂಸ್ಟರ್ ಮುಟ್ಟಿಸುವುದಿಲ್ಲ, ಮಕ್ಕಳ ಬ್ಯಾಟುಗಳಿಗಂತೂ ಯಾರು ಕೇಳಿದರೂ ಹಚ್ಚಿಕೊಡುವುದಿಲ್ಲ. ಸಂಜೆಯ ಆಟಕ್ಕೆ, ಗೆಳೆಯರೊಂದಿಗಿನ ಅಭ್ಯಾಸಕ್ಕೆ ನಿಮಗೆ ಬೇಕಿದ್ದರೆ ಮಾತ್ರ ಮುಂದಿನದನ್ನು ಓದಿ.

ಈ ಗೀಳು ಹೊಸದಲ್ಲ. ಸೈಕಲ್ ಟ್ಯೂಬಿಗೆ ತೇಪೆ ಹಾಕುವ ಅಂಟನ್ನು ರಬ್ಬರಿಗೆ ಹಚ್ಚಿದರೆ ಚೆಂಡು ಚಿಮ್ಮುತ್ತದೆ ಎಂದು 1970ರ ದಶಕದ ಕೊನೆಗೆ ಆಟಗಾರರು ಕಂಡುಕೊಂಡರು. ಯುಗೊಸ್ಲಾವಿಯದ ಷುರ್ಬೆಕ್, ಹಂಗೇರಿಯ ಕ್ಲಾಂಪಾರ್ ಅವರ ಹೆಸರು ಈ ಪ್ರಸಂಗದಲ್ಲಿ ಬರುತ್ತದೆ. ಅದು ‘ಸ್ಪೀಡ್ ಗ್ಲೂ’ ಆಯಿತು. ಉಸಿರಿಗೆ ಕೆಟ್ಟದ್ದೆಂದು 2008ರ ಬೀಜಿಂಗ್ ಒಲಿಂಪಿಕ್ಸ್ ಮುಗಿಯುತ್ತಿದ್ದಂತೆ ಅದನ್ನು ನಿಷೇಧಿಸಿದರು. ಆ ಜಾಗಕ್ಕೆ ಬಂದದ್ದು ಬೂಸ್ಟರ್. ಸ್ಪೀಡ್ ಗ್ಲೂ ಕೆಲವೇ ಗಂಟೆಗಳಲ್ಲಿ ಆರಿ ಸತ್ವ ಕಳೆದುಕೊಳ್ಳುತ್ತಿತ್ತು, ಬೂಸ್ಟರಿನ ಎಣ್ಣೆ ವಾರಗಟ್ಟಲೆ ಸ್ಪಂಜಿನೊಳಗೆ ಉಳಿಯುತ್ತದೆ.

ಅದು ಏನು ಮಾಡುತ್ತದೆ ಎಂಬುದನ್ನು ನಮ್ಮ ಜಿಲ್ಲೆಯವರಿಗೆ ವಿವರಿಸುವುದು ಸುಲಭ. ರಬ್ಬರ್ ತೋಟವಿರುವ ಮನೆಯಲ್ಲಿ ಬೆಳೆದವರಿಗೆ ಗೊತ್ತು, ರಬ್ಬರ್ ಶೀಟಿನ ಮೇಲೆ ಸೀಮೆಎಣ್ಣೆ ಬಿದ್ದರೆ ಆ ಜಾಗ ಉಬ್ಬಿ ಮೆತ್ತಗಾಗುತ್ತದೆ. ಸ್ಪಂಜಿನಲ್ಲೂ ಆಗುವುದು ಅದೇ. ಎಣ್ಣೆ ಕುಡಿದ ಸ್ಪಂಜು ಹಿಗ್ಗುತ್ತದೆ, ಮೇಲಿನ ರಬ್ಬರ್ ಪದರವನ್ನೂ ಎಳೆದು ಹಿಡಿಯುತ್ತದೆ. ಹಾಗೆ ಬಿಗಿದುಕೊಂಡದ್ದನ್ನು ಮರಕ್ಕೆ ಅಂಟಿಸಿದಾಗ ಚೆಂಡು ಸ್ವಲ್ಪ ಆಳಕ್ಕೆ ಇಳಿದು, ಚಿಮ್ಮಿ ಹೊರಡುತ್ತದೆ. ಹರಿಕೇನ್ ತರಹದ ಚೀನಾದ ಅಂಟುಮೈಯ ರಬ್ಬರಿನ ಸ್ಪಂಜು ಬಹಳ ಗಟ್ಟಿ, ಆದ್ದರಿಂದ ವ್ಯತ್ಯಾಸ ಎದ್ದು ಕಾಣುತ್ತದೆ. ಜರ್ಮನಿ, ಜಪಾನಿನ ಹೆಚ್ಚಿನ ರಬ್ಬರುಗಳು ಕಾರ್ಖಾನೆಯಲ್ಲೇ ಈ ಬಿಗಿತವನ್ನು ಪಡೆದುಕೊಂಡು ಬರುತ್ತವೆ. ಅವುಗಳಿಗೆ ಮತ್ತೆ ಹಚ್ಚಿದರೆ ಮೇಲ್ಪದರ ಗುಳ್ಳೆ ಏಳುವ ಸಂಭವ ಹೆಚ್ಚು, ಆ ತಪ್ಪು ಮಾಡಬೇಡಿ. ನಿಮ್ಮ ಪೊಟ್ಟಣದ ಮೇಲೆ ‘ನಿಯೋ’ ಎಂದಿದೆಯೇ ನೋಡಿ. ಇದ್ದರೆ ಅದಕ್ಕೂ ಕಾರ್ಖಾನೆಯಲ್ಲೇ ಸಂಸ್ಕಾರವಾಗಿದೆ.

ಈಗ ಕೆಲಸಕ್ಕೆ ಬರೋಣ. ರಬ್ಬರನ್ನು ಗಾಜಿನ ಮೇಲೋ ನಯವಾದ ಹಲಗೆಯ ಮೇಲೋ ಸ್ಪಂಜು ಮೇಲಾಗಿ ಇಡಿ. ಮೇಲ್ಪದರಕ್ಕೆ ಅಂಟಿಕೊಂಡ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯಬೇಡಿ. ಔಷಧಿ ಅಂಗಡಿಯಲ್ಲಿ ಸಿಗುವ ಸಿರಿಂಜಿನಲ್ಲಿ, ಸೂಜಿ ಇಲ್ಲದೆ, ಎರಡು ಮಿಲಿಲೀಟರಿನಷ್ಟು ಬೂಸ್ಟರ್ ತೆಗೆದು ನಡುವಿನಿಂದ ಅಂಚಿನ ಕಡೆಗೆ ಬ್ರಷ್ಷಿನಿಂದ ತೆಳ್ಳಗೆ ಹರಡಿ. ಅಂಚಿನಿಂದ ಇಳಿದು ಮೇಲ್ಪದರವನ್ನು ಮುಟ್ಟಕೂಡದು. ಕೆಲವೇ ನಿಮಿಷಗಳಲ್ಲಿ ರಬ್ಬರಿನ ಅಂಚು ಕೆಳಕ್ಕೆ ಬಾಗಿ ನಡುಭಾಗ ಮೇಲೇಳತೊಡಗುತ್ತದೆ. ಬಿಸಿಲಿಗೆ ಬಿದ್ದ ಅಡಿಕೆ ಹಾಳೆ ಮುದುಡುವುದನ್ನು ನೋಡಿದ್ದೀರಲ್ಲ, ಹಾಗೆಯೇ. ಮೊದಲ ಸಲ ನೋಡಿದವರು ಹೆದರುತ್ತಾರೆ. ಹೆದರಬೇಕಿಲ್ಲ, ಒತ್ತಿ ನೇರ ಮಾಡಲೂಬಾರದು. ಎಣ್ಣೆ ಒಳಗಿಳಿದು ಎಲ್ಲೆಡೆ ಹರಡಿದಂತೆ ಅದು ತಾನಾಗಿಯೇ ಚಪ್ಪಟೆಯಾಗುತ್ತ ಬರುತ್ತದೆ. ನನ್ನ ಅನುಭವದಲ್ಲಿ ಒಂದು ಪದರಕ್ಕೆ ಪೂರ್ತಿ ಒಂದು ದಿನ ಬೇಕು. ಅಂಗೈಯನ್ನು ಸ್ಪಂಜಿನ ಮೇಲಿಟ್ಟು ತೆಗೆಯಿರಿ, ಕೈಗೆ ಜಿಡ್ಡು ಹತ್ತಿದರೆ ಇನ್ನೂ ಆಗಿಲ್ಲ ಎಂದರ್ಥ. ಆಗಿದ್ದರೆ ಎರಡನೇ ಪದರ, ಮತ್ತೆ ಅಷ್ಟೇ ಕಾಯುವುದು. ಎರಡಕ್ಕೆ ನಿಲ್ಲಿಸಿ. ಮೂರನೆಯದನ್ನು ಹಚ್ಚುವವರಿದ್ದಾರೆ, ಆದರೆ ಸ್ಪಂಜು ಸುಸ್ತಾಗುತ್ತದೆ, ಮೆಲ್ಲಗೆ ನೆಟ್ಟಿನ ಹತ್ತಿರ ಚೆಂಡನ್ನು ಇಡುವ ಹಿಡಿತ ತಪ್ಪುತ್ತದೆ. ದಪ್ಪವೂ ಹೆಚ್ಚುತ್ತದೆ, ಅಂಟೂ ಸೇರಿ 4 ಮಿಲಿಮೀಟರ್ ದಾಟಬಾರದು ಎಂಬುದು ನಿಯಮ.

ತೆಂಗಿನೆಣ್ಣೆ, ಪೆಟ್ರೋಲು, ಥಿನ್ನರ್ ಯಾವುದೂ ಬೇಡ. ತೆಂಗಿನೆಣ್ಣೆಯ ಜಿಡ್ಡಿನ ಮೇಲೆ ಅಂಟು ಕೂರುವುದಿಲ್ಲ. ಉಳಿದೆರಡರ ಆವಿ ನಿಮಗೂ ಮನೆಯವರಿಗೂ ಅಪಾಯ. ಬೂಸ್ಟರನ್ನೇ ಹಚ್ಚುವಾಗಲೂ ಕಿಟಕಿ ತೆರೆದಿರಲಿ, ಕೈಗವಸು ಇರಲಿ.

ಇನ್ನು ಅಂಟಿಸುವುದು. ಇಲ್ಲೇ ನಾನು ಒಂದು ಒಳ್ಳೆಯ ರಬ್ಬರನ್ನು ಕಳೆದುಕೊಂಡದ್ದು. ಆಟಿ ತಿಂಗಳ ಒಂದು ಭಾನುವಾರ, ಹೊರಗೆ ಬಿಡದ ಮಳೆ. ಹಿಂದಿನ ದಿನ ಹಚ್ಚಿದ ರಬ್ಬರ್ ಇನ್ನೂ ಬಾಗಿಯೇ ಇತ್ತು, ನನಗೆ ಸಂಜೆ ಆಡುವ ಆತುರ. ಅಂಟು ಬಳಿದು, ಬಾಗಿದ್ದನ್ನು ಬಲವಂತವಾಗಿ ಮರಕ್ಕೆ ಒತ್ತಿ ಕೂರಿಸಿದೆ. ಹತ್ತು ದಿನದೊಳಗೆ ಹಿಡಿಯ ಬಳಿ ಉಗುರಿನಷ್ಟು ಅಗಲ ಮರ ಕಾಣತೊಡಗಿತು, ನಡುವೆ ಒಂದು ರೂಪಾಯಿ ನಾಣ್ಯದಷ್ಟು ಗುಳ್ಳೆ ಎದ್ದಿತು. ಕಿತ್ತು ನೋಡಿದರೆ ಅಂಟು ಸ್ಪಂಜನ್ನು ಹಿಡಿದೇ ಇರಲಿಲ್ಲ. ಕಾಯಿಸಿದ ಹಾಲಿನ ಕೆನೆಯಂತೆ ಇಡಿಯಾಗಿ ಕಳಚಿ ಬಂತು, ಅದರ ಅಡಿಯಲ್ಲಿ ಎಣ್ಣೆ ಮಿನುಗುತ್ತಿತ್ತು. ಅಂದಿನಿಂದ ಮಳೆಗಾಲದಲ್ಲಿ ನಾನು ಬೂಸ್ಟರಿನ ಡಬ್ಬಿ ತೆರೆಯುವುದೇ ಇಲ್ಲ.

ನೀರು ಆಧಾರಿತ ಅಂಟನ್ನೇ ಬಳಸಿ. ಅದು ಬಹುಮಟ್ಟಿಗೆ ನಮ್ಮ ರಬ್ಬರ್ ಹಾಲೇ, ಅಮೋನಿಯದ ಅದೇ ವಾಸನೆ. ಸ್ಪಂಜಿಗೆ ಎರಡು ತೆಳು ಪದರ, ಬ್ಲೇಡಿನ ಮರಕ್ಕೆ ಒಂದು. ಬಿಳಿಯಾಗಿ ಹಚ್ಚಿದ್ದು ಪೂರ್ತಿ ಪಾರದರ್ಶಕವಾಗುವವರೆಗೆ ಮುಟ್ಟಬೇಡಿ. ಬೇಸಿಗೆಯಲ್ಲಿ ಅರ್ಧ ಗಂಟೆ ಸಾಕು, ಮಳೆಗಾಲದಲ್ಲಿ ಫ್ಯಾನಿನ ಕೆಳಗೆ ಎರಡು ಗಂಟೆಯಾದರೂ ಮೂಲೆಯಲ್ಲಿ ಬಿಳಿ ಕಲೆ ಉಳಿದಿರುತ್ತದೆ. ಆ ಒಂದು ಕಲೆಯೇ ಮುಂದೆ ಗುಳ್ಳೆಯಾಗುತ್ತದೆ. ಹಿಡಿಯ ಕಡೆಯಿಂದ ಇಡುತ್ತ ಬನ್ನಿ, ಎಳೆಯದೆ. ಖಾಲಿ ಗಾಜಿನ ಬಾಟಲಿಯನ್ನು ಹಗುರವಾಗಿ ಉರುಳಿಸಿದರೆ ಸಾಕು. ಈಗಾಗಲೇ ಕತ್ತರಿಸಿದ ರಬ್ಬರಾಗಿದ್ದರೆ ಹಿಗ್ಗಿದ ಕಾರಣ ಅಂಚಿನಿಂದ ಎರಡು ಮೂರು ಮಿಲಿಮೀಟರ್ ಹೊರಗೆ ಬಂದಿರುತ್ತದೆ. ಅದನ್ನು ಕತ್ತರಿಸಲು ಹೋಗಬೇಡಿ. ಒಂದೆರಡು ತಿಂಗಳಲ್ಲಿ ಎಣ್ಣೆಯ ಪ್ರಭಾವ ಇಳಿದು ರಬ್ಬರ್ ಕುಗ್ಗುತ್ತದೆ, ಆಗ ಅದೇ ಅಳತೆಗೆ ಬಂದು ಕೂರುತ್ತದೆ.

ಒಂದು ಮಾತು ಕೇಳಿ. ಮೊದಲ ಮೂರು ವಾರ ಈ ರಬ್ಬರನ್ನು ಏನೂ ಹಚ್ಚದೆ ಹಾಗೆಯೇ ಅಂಟಿಸಿ ಆಡಿ. ಹರಿಕೇನ್ ಕೈ ಪೂರ್ತಿ ಬೀಸುವವರ ರಬ್ಬರು, ಸೊಂಟ ತಿರುಗಿಸದೆ ಬರೀ ಮುಂಗೈಯಲ್ಲಿ ಹೊಡೆದರೆ ಅದು ಕಲ್ಲೇ. ನಮ್ಮಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಹೀಗೆಯೇ ದೂರುತ್ತ ಬಂದಿದ್ದಳು. ಕಾಲನ್ನು ಸರಿಯಾಗಿ ಊರಿಕೊಂಡು ಫೋರ್‌ಹ್ಯಾಂಡ್ ಲೂಪ್, ಎಂದರೆ ಚೆಂಡನ್ನು ಮೇಲ್ಮುಖವಾಗಿ ಸವರಿ ಸ್ಪಿನ್ ಕೊಡುವ ಹೊಡೆತ, ಹೊಡೆಯುವುದನ್ನು ದಿನಕ್ಕೆ ಇನ್ನೂರರಂತೆ ಒಂದು ತಿಂಗಳು ಮಾಡಿಸಿದೆ, ಆಮೇಲೆ ಅವಳು ಬೂಸ್ಟರಿನ ಹೆಸರು ಎತ್ತಲಿಲ್ಲ. ಮೂರು ವಾರವಾದ ಮೇಲೂ ಗಟ್ಟಿ ಎನಿಸಿದರೆ ನಿಧಾನವಾಗಿ ಕಿತ್ತು, ಹಳೆಯ ಅಂಟನ್ನು ಬೆರಳಿನಿಂದ ಉಜ್ಜಿ ತೆಗೆದು, ಮಳೆ ಇಲ್ಲದ ಎರಡು ಮೂರು ದಿನ ನೋಡಿ ಮೇಲಿನಂತೆ ಮಾಡಿ. ಹಚ್ಚಿದ ತಾರೀಕನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಬರೆದಿಡಿ.