ಸಂಪಾದಕರ ಉತ್ತರ: ಹಾಡು ಬರೆದವರದಾ, ಹಾಡಿದವರದಾ?

ವೇಲ್ಸ್‌ನ ಗಾಯಕ ಟಾಮ್ ಜೋನ್ಸ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಹಾಸನದ ಓದುಗರೊಬ್ಬರು ಕಾಗದ ಬರೆದಿದ್ದಾರೆ. "ಈತನಿಗೆ ಹೆಸರು ತಂದ ಹಾಡುಗಳನ್ನೆಲ್ಲ ಬರೆದವರು ಬೇರೆಯವರು. ತಮ್ಮ ಹಾಡು ತಾವೇ ಬರೆಯುವ ಬಾಬ್ ಡಿಲನ್ ಥರದವರನ್ನು ಬಿಟ್ಟು ಇವರಿಗೆ ನಾಲ್ಕು ಪುಟ ಯಾಕೆ?" ಎಂದು ಕೇಳಿದ್ದಾರೆ.

ಸರ್, ನಿಮ್ಮ ಕಾಗದ ಖುಷಿ ಕೊಟ್ಟಿತು. ಲೇಖನವನ್ನು ಕೊನೆವರೆಗೂ ಓದಿದವರು ಮಾತ್ರ ಹೀಗೆ ಜಗಳ ತೆಗೆಯುತ್ತಾರೆ. ಹಾಡು ಬರೆಯುವುದು ದೊಡ್ಡ ಕೆಲಸ, ಒಪ್ಪಿದೆ. ಹಾಡುವುದು ಅದಕ್ಕಿಂತ ಸಣ್ಣದು ಎಂದಿರಲ್ಲ, ಅದನ್ನು ಒಪ್ಪಲಾರೆ. ಹಿನ್ನೆಲೆ ಗಾಯಕರನ್ನು ಕೇಳುತ್ತಲೇ ಬೆಳೆದ ನಾವು ಈ ಮಾತು ಆಡಬಾರದು.

ಜೋನ್ಸ್ ಹುಟ್ಟಿದ್ದು 1940ರಲ್ಲಿ, ಪಾಂಟಿಪ್ರಿದ್ ಪಕ್ಕದ ಟ್ರೆಫಾರೆಸ್ಟ್‌ನಲ್ಲಿ. ತಂದೆ ಕಲ್ಲಿದ್ದಲು ಗಣಿ ಕಾರ್ಮಿಕ. ಹನ್ನೆರಡನೇ ವಯಸ್ಸಿಗೆ ಟಿಬಿ ಬಂತು. ಎರಡು ವರ್ಷ ಹಾಸಿಗೆ ಹಿಡಿದ ಹುಡುಗನಿಗೆ ಜೊತೆಯಾದದ್ದು ರೇಡಿಯೊ, ಅದರಲ್ಲಿ ಬರುತ್ತಿದ್ದ ಅಮೆರಿಕದ ಹಾಡುಗಳು. ಹದಿನಾರಕ್ಕೆ ಮದುವೆ, ಆಮೇಲೆ ಕೈಗವಸಿನ ಕಾರ್ಖಾನೆಯಲ್ಲಿ ದುಡಿಮೆ, ರಾತ್ರಿ ಕ್ಲಬ್ಬುಗಳಲ್ಲಿ ಹಾಡು.

'ಇಟ್ಸ್ ನಾಟ್ ಅನ್‌ಯೂಶುವಲ್' ಬರೆದವರು ಗಾರ್ಡನ್ ಮಿಲ್ಸ್ ಮತ್ತು ಲೆಸ್ ರೀಡ್. ಸ್ಯಾಂಡಿ ಶಾ ಹಾಡಲಿ ಎಂದು ಮಾಡಿದ ಹಾಡು ಅದು. ಅವರಿಗೆ ಕೇಳಿಸಲು ಸುಮ್ನೆ ಮಾದರಿಗೆಂದು ಜೋನ್ಸ್ ಹಾಡಿದ್ದರು. ಶಾ ಕೇಳಿದವರೇ, ಇದನ್ನು ಹಾಡಿದವರಿಗೇ ಬಿಡಿ ಎಂದರು. 1965ರ ಮಾರ್ಚ್‌ನಲ್ಲಿ ಅದು ಬ್ರಿಟನ್ನಿನಲ್ಲಿ ಹೆಚ್ಚು ಮಾರಾಟವಾದ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು.

'ಗ್ರೀನ್ ಗ್ರೀನ್ ಗ್ರಾಸ್ ಆಫ್ ಹೋಮ್' ಇನ್ನೂ ದೊಡ್ಡ ಉದಾಹರಣೆ. ಕರ್ಲಿ ಪುಟ್‌ಮನ್ ಬರೆದ ಅಮೆರಿಕದ ಹಾಡು. ಊರಿಗೆ ಮರಳಿದ ಸಂತೋಷ ಹೇಳಿಕೊಳ್ಳುವವನು ನಿಜಕ್ಕೂ ಮರಣದಂಡನೆಗೆ ಕಾಯುತ್ತಿರುವ ಕೈದಿ. ಊರಿಗೆ ಮರಳಿದ್ದು ಬರೀ ಕನಸೆಂದು ಎಚ್ಚರವಾಗುವ ಆ ಜಾಗದಲ್ಲಿ ಜೋನ್ಸ್ ಹಾಡುವುದನ್ನು ಬಿಟ್ಟು ಮಾತಾಡುತ್ತಾರೆ. ಅಲ್ಲಿ ಗಂಟಲು ಕಟ್ಟದೆ ಕೇಳಲು ನನಗಂತೂ ಆಗಿಲ್ಲ. 1966ರ ಅಕ್ಟೋಬರ್ 21ರಂದು, ಟ್ರೆಫಾರೆಸ್ಟ್‌ಗೆ ಹೆಚ್ಚು ದೂರವಲ್ಲದ ಅಬರ್‌ವಾನ್‌ನಲ್ಲಿ ಗಣಿ ತ್ಯಾಜ್ಯದ ಗುಡ್ಡ ಶಾಲೆಯ ಮೇಲೆ ಕುಸಿದು 116 ಮಕ್ಕಳೂ 28 ದೊಡ್ಡವರೂ ತೀರಿಕೊಂಡಿದ್ದರು. ಹಾಡು ಬಂದದ್ದು ಅದಾಗಿ ಕೆಲವೇ ವಾರಗಳಿಗೆ. ದುರಂತಕ್ಕೂ ಅದಕ್ಕೂ ಸಂಬಂಧವಿಲ್ಲ, ನಿಜ. ಆದರೂ ಊರು, ಮನೆ, ಅಪ್ಪ ಅಮ್ಮ ಎಂಬ ಸಾಲುಗಳನ್ನು ಗಣಿ ಕಾರ್ಮಿಕನ ಮಗನ ದನಿಯಲ್ಲಿ ಆಗ ಕೇಳುವುದೇ ಬೇರೆ, ಅಲ್ವಾ? ಏಳು ವಾರ ಅದು ಮೊದಲ ಸ್ಥಾನ ಬಿಟ್ಟು ಇಳಿಯಲಿಲ್ಲ.

ನೀವೇ ಡಿಲನ್ ಹೆಸರೆತ್ತಿದ್ದು ಒಳ್ಳೆಯದಾಯಿತು. ಜೋನ್ಸ್‌ರ 2010ರ ಆಲ್ಬಮ್ 'ಪ್ರೇಸ್ ಅಂಡ್ ಬ್ಲೇಮ್' ಶುರುವಾಗುವುದೇ ಡಿಲನ್ ಹಾಡಿನಿಂದ. 2015ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಡಿಲನ್‌ಗೆ ಸನ್ಮಾನ ನಡೆದಾಗ ಅದೇ ಹಾಡನ್ನು ಹಾಡಿದವರೂ ಜೋನ್ಸ್. ಆ ಆಲ್ಬಮ್ ಬರುವ ಮುಂಚೆ, ದೇವರ ಹಾಡು ಹಾಡಲಿ ಎಂದು ಇವರ ಮೇಲೆ ದುಡ್ಡು ಹಾಕಿದ್ದಲ್ಲ ಎಂದು ರೆಕಾರ್ಡ್ ಕಂಪನಿಯ ಹಿರಿಯರೊಬ್ಬರು ಬರೆದ ಇಮೇಲ್ ಬಯಲಾಗಿತ್ತು. ಜನ ಅದನ್ನು ಬ್ರಿಟನ್ನಿನಲ್ಲಿ ಎರಡನೇ ಸ್ಥಾನಕ್ಕೆ ಏರಿಸಿದರು.

ನನಗೆ ಜಾಸ್ತಿ ಸಿಟ್ಟಿರುವುದು ಪತ್ರಿಕೆಗಳ ಮೇಲೆ. ಬಿಚ್ಚಿದ ಅಂಗಿ, ಲಾಸ್ ವೇಗಸ್, ವೇದಿಕೆಗೆ ಬಂದು ಬಿದ್ದ ಒಳ ಉಡುಪು, ಇದನ್ನೇ ಬರೆದು ಬರೆದು ಪುಟ ತುಂಬಿಸಿದರು. ಉಸಿರು ಎಲ್ಲಿ ಹಿಡಿದರು, ಸಾಲನ್ನು ಎಲ್ಲಿ ಮುರಿದರು ಎಂದು ಎಷ್ಟು ಜನ ಬರೆದರು? ಈಗಂತೂ ಶ್ರುತಿ ತಪ್ಪಿದರೆ ಕಂಪ್ಯೂಟರ್ ತಿದ್ದಿಕೊಡುತ್ತದೆ, ಕೇಳುವವರಿಗೂ ಅದೇ ರೂಢಿಯಾಗಿದೆ. 2021ರಲ್ಲಿ, 80ರ ಪ್ರಾಯದಲ್ಲಿ ಜೋನ್ಸ್ ಮಾಡಿದ 'ಸರೌಂಡೆಡ್ ಬೈ ಟೈಮ್' ಆಲ್ಬಮ್ ಬ್ರಿಟನ್ನಿನಲ್ಲಿ ಮತ್ತೆ ಮೊದಲ ಸ್ಥಾನಕ್ಕೆ ಹೋಯಿತು. ದನಿ ತಗ್ಗಿದೆ, ಒರಟಾಗಿದೆ. ಅದನ್ನು ಅವರು ಮುಚ್ಚಿಟ್ಟಿಲ್ಲ. ದಯವಿಟ್ಟು ಒಮ್ಮೆ ಕೇಳಿ.

ಮುಂದಿನ ಸಂಚಿಕೆಯಲ್ಲಿ ಕಾರ್ಡಿಫ್‌ನ ಗಾಯಕಿ ಶರ್ಲಿ ಬ್ಯಾಸಿ ಬಗ್ಗೆ ಬರೆಯುತ್ತಿದ್ದೇವೆ. ಅವರೂ ಬೇರೆಯವರು ಬರೆದ ಹಾಡುಗಳಿಂದಲೇ ಹೆಸರಾದವರು. ಈ ಸಲ ಆರು ಪುಟ ಕೊಟ್ಟಿದ್ದೇನೆ.